ಮುದ್ದೆ, ಹುಳಿ ಮತ್ತು ಎಕ್ಸೆಲ್

ತೂಕ ಇಳಿಸೋಕೆ ಯಾವ ಕ್ಯಾಲೊರಿ ಆ್ಯಪ್ ಹಾಕಿಕೊಳ್ಳಲಿ ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಮೊದಲು ಅದರಲ್ಲಿ ರಾಗಿ ಮುದ್ದೆ ಹುಡುಕಿ ನೋಡಿ. ಸ್ಟಾರು, ರಿವ್ಯೂ ಎಲ್ಲ ಆಮೇಲೆ.

ನಾನು ತುಮಕೂರಿನಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡುತ್ತೇನೆ. ದಿನವಿಡೀ ಬೇರೆಯವರ ಲೆಕ್ಕ ತಾಳೆ ಹಾಕುವುದೇ ಕೆಲಸ. ಹಾಗಾಗಿ ಒಂದು ಅಂಕಿ ಕಂಡರೆ ಅದು ಎಲ್ಲಿಂದ ಬಂತು ಅಂತ ಕೇಳುವ ಚಟ ಇದೆ. ಆ ಚಟದ ಕಣ್ಣಿಗೆ ಈ ಆ್ಯಪ್‌ಗಳು ಬಿದ್ದವು.

ನಾನು ಮೊದಲು ನೋಡಿದ ಒಂದರಲ್ಲಿ 'ರಾಗಿ ಮುದ್ದೆ, 1' ಅಂತ ಅರ್ಧ ಡಜನ್ ನಮೂದುಗಳಿದ್ದವು. ಒಂದರ ಪ್ರಕಾರ ಮುದ್ದೆ ಎರಡು ಇಡ್ಲಿಗೆ ಸಮ. ಇನ್ನೊಂದರ ಪ್ರಕಾರ ಮಸಾಲೆ ದೋಸೆಗಿಂತ ಜಾಸ್ತಿ. ಎಲ್ಲವೂ ಬಳಕೆದಾರರೇ ಸೇರಿಸಿದ್ದು. ಯಾರ ಮನೆಯ ಮುದ್ದೆ ಅದು? ನಮ್ಮ ಮಾವನವರು ಉಣ್ಣುವ ಮುದ್ದೆಗೂ ನಾನು ಉಣ್ಣುವ ಮುದ್ದೆಗೂ ಅಜಗಜಾಂತರ ಇದೆ. ನಿಜವಾದ ಲೆಕ್ಕ ತುಂಬಾ ಸುಲಭ. 100 ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320 ಕ್ಯಾಲೊರಿ. ನೀರಿಗೆ ಸೊನ್ನೆ. ಮೆತ್ತಗೆ ತೊಳಸಿದರೂ ಗಟ್ಟಿಯಾಗಿ ತೊಳಸಿದರೂ ಒಳಗಿರುವ ಹಿಟ್ಟೊಂದೇ ಲೆಕ್ಕಕ್ಕೆ ಬರುವುದು. ಆ ಹಿಟ್ಟು ಎಷ್ಟು ಅಂತ ಆ್ಯಪ್ ಕೇಳುವುದೇ ಇಲ್ಲ, 'ಎಷ್ಟು ಮುದ್ದೆ' ಅಂತ ಮಾತ್ರ ಕೇಳುತ್ತದೆ.

ಆ್ಯಪ್‌ಗಳೆಲ್ಲ ದಂಡ ಅಂತ ಹೇಳುತ್ತಿಲ್ಲ. ಒಂದೊಂದು ಒಂದೊಂದು ಥರದ ಊಟಕ್ಕೆ ಹೊಂದುತ್ತದೆ. ಹೆಲ್ದಿಫೈಮಿ 2012ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ್ದು. ಅದಕ್ಕೆ ನಮ್ಮ ದೇಶದ ತಿಂಡಿ ಊಟಗಳ ಹೆಸರು ಚೆನ್ನಾಗಿ ಗೊತ್ತು. ಪಿಜಿಯಲ್ಲಿ, ಮೆಸ್‌ನಲ್ಲಿ ಊಟ ಮಾಡುವವರಿಗೆ ಅಡುಗೆ ಹೇಗಾಯಿತು ಅಂತ ಹೇಗೂ ತಿಳಿಯುವುದಿಲ್ಲ. ಅವರಿಗೆ ಅಂದಾಜೇ ಗತಿ, ಅದು ಸಾಕು ಕೂಡ. ಮೈಫಿಟ್‌ನೆಸ್‌ಪಾಲ್ ಅಮೆರಿಕದ್ದು, 2005ರಿಂದ ಇದೆ. ಪ್ಯಾಕೆಟ್ ಊಟವೇ ಜಾಸ್ತಿ ಇರುವವರಿಗೆ ಸರಿ. ಕೆನಡಾದ ಕ್ರೋನೋಮೀಟರ್ ಕಬ್ಬಿಣ, ಕ್ಯಾಲ್ಸಿಯಂವರೆಗೂ ಬಿಡಿಸಿ ತೋರಿಸುತ್ತದೆ. ನಮ್ಮದೇ ಅಡುಗೆಯನ್ನು ಗ್ರಾಂ ಲೆಕ್ಕದಲ್ಲಿ ಬರೆದಿಡಲೂ ಬರುತ್ತದೆ. ಆ್ಯಪೇ ಬೇಕು ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ಆದರೆ ಪ್ಯಾಕೆಟ್ಟಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿ ಲೆಕ್ಕ ಹಾಕೋಣ ಅಂದರೆ, ನಮ್ಮ ಮನೆಯಲ್ಲಿ ಅದು ಇರುವುದು ಬಿಸ್ಕತ್ತಿಗೆ, ಎಣ್ಣೆಗೆ, ಸೋಪಿಗೆ. ಸಂತೆಯಿಂದ ತಂದ ಅವರೆಕಾಯಿಯ ಯಾವ ಮೂಲೆಯನ್ನು ಸ್ಕ್ಯಾನ್ ಮಾಡಲಿ? ಈಗ ಫೋಟೋ ತೆಗೆದರೆ ಸಾಕು, ಲೆಕ್ಕ ನಮ್ಮದು ಅನ್ನುವವೂ ಬಂದಿವೆ. ಹುಳಿಯಲ್ಲಿ ರುಬ್ಬಿ ಹಾಕಿದ ಕಾಯಿ ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಒಗ್ಗರಣೆಗೆ ಒಂದು ಚಮಚ ಎಣ್ಣೆಯೋ ಮೂರೋ, ಅದೂ ಕಾಣುವುದಿಲ್ಲ. ನಮ್ಮ ಅಡುಗೆಯಲ್ಲಿ ಕ್ಯಾಲೊರಿ ಬಚ್ಚಿಟ್ಟುಕೊಳ್ಳುವುದೇ ಈ ಎರಡರಲ್ಲಿ.

ಕೊನೆಗೆ ನನಗೆ ಗೊತ್ತಿರುವ ಹತಾರವನ್ನೇ ಹಿಡಿದೆ. ಎಕ್ಸೆಲ್.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ನಮ್ಮ ದೇಶದ 528 ಆಹಾರ ಪದಾರ್ಥಗಳ ಪಟ್ಟಿ ಹೊರತಂದಿದ್ದಾರೆ. ಪ್ರಯೋಗಾಲಯದಲ್ಲಿ ಅಳೆದ ಅಂಕಿಗಳು. ಅದರಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ. 4.184ರಿಂದ ಭಾಗಿಸಿದರೆ ನಮಗೆ ಬೇಕಾದ ಕ್ಯಾಲೊರಿ ಸಿಗುತ್ತದೆ. ಭಾಗಿಸುವ ಕೆಲಸ ಎಕ್ಸೆಲ್‌ನದು, ನನ್ನದಲ್ಲ. 528ರಲ್ಲಿ ನನಗೆ ಬೇಕಾದದ್ದು ನಲವತ್ತು ಚಿಲ್ಲರೆ. ಯೋಚಿಸಿ ನೋಡಿ, ವರ್ಷವಿಡೀ ನಮ್ಮ ಒಲೆಯ ಮೇಲೆ ಹತ್ತುವ ಸಾಮಾನು ಅಷ್ಟೇ ಅಲ್ವಾ? ಲಕ್ಷಗಟ್ಟಲೆ ತಿನಿಸುಗಳ ಪಟ್ಟಿ ಇದೆ ಅಂತ ಆ್ಯಪ್‌ಗಳು ಕೊಚ್ಚಿಕೊಳ್ಳುತ್ತವೆ. ನನಗೆ ಬೇಕಿದ್ದು ನಮ್ಮ ಮನೆಯ ಪಟ್ಟಿ.

ಜೊತೆಗೆ ಒಂದು ಅಡುಗೆಮನೆ ತಕ್ಕಡಿ. ಖಾಲಿ ಪಾತ್ರೆಗಳ ತೂಕವನ್ನು ಫ್ರಿಡ್ಜ್ ಬಾಗಿಲಿಗೆ ಅಂಟಿಸಿದ್ದೇನೆ. ಅಡುಗೆ ಆದ ಮೇಲೆ ಪಾತ್ರೆ ಸಮೇತ ತೂಗಿ ಖಾಲಿ ತೂಕ ಕಳೆದರೆ ಒಳಗಿನ ಹುಳಿ ಎಷ್ಟು ಅಂತ ಗೊತ್ತಾಗುತ್ತದೆ. ಒಂದು ದಿನದ ಹುಳಿಯ ಲೆಕ್ಕ ಹೀಗಿತ್ತು. ತೊಗರಿಬೇಳೆ 150 ಗ್ರಾಂ, ಕಾಯಿತುರಿ 60 ಗ್ರಾಂ, ಎಣ್ಣೆ 15 ಗ್ರಾಂ, ಉಳಿದದ್ದು ತರಕಾರಿ. ಒಟ್ಟು 950 ಕ್ಯಾಲೊರಿ ಆಸುಪಾಸು. ಕುದ್ದು ಇಳಿಸಿದಾಗ ಹುಳಿ 1900 ಗ್ರಾಂ. ಅಂದರೆ 100 ಗ್ರಾಂಗೆ 50. ನನ್ನ ತಟ್ಟೆಗೆ 250 ಗ್ರಾಂ ಬಡಿಸಿಕೊಂಡರೆ 125. ಆ 950ರಲ್ಲಿ ಕಾಯಿ, ಎಣ್ಣೆ ಎರಡರದ್ದೇ 380! ತೂಕದಲ್ಲಿ ಬೇಳೆಯ ಅರ್ಧ, ಕ್ಯಾಲೊರಿಯಲ್ಲಿ ಬೇಳೆಯ ಮುಕ್ಕಾಲು. ಇದನ್ನು ನೋಡಿದ ಮೇಲೆ ಅನ್ನವನ್ನು ಶತ್ರು ಮಾಡಿಕೊಳ್ಳುವುದನ್ನು ಬಿಟ್ಟೆ.

'ತೂಗಿಕೊಂಡು ಉಣ್ಣೋ ಕಾಲ ಬಂತಲ್ಲೇ' ಅಂತ ಅತ್ತೆ ಗೊಣಗಿದರು. ಅವರದು ಕೈ ಅಳತೆ. ಎಣ್ಣೆಯನ್ನು ನೇರವಾಗಿ ಪ್ಯಾಕೆಟ್‌ನಿಂದಲೇ ಬಗ್ಗಿಸುತ್ತಾರೆ. ಪ್ರತಿ ಸಲ ತಕ್ಕಡಿ ಹಿಡಿದು ಅವರ ಪಕ್ಕ ನಿಲ್ಲೋಕಾಗುತ್ತಾ? ಮನೆ ಅಂದ ಮೇಲೆ ಮರ್ಯಾದೆ ಅಂತ ಒಂದಿದೆ.

ಅದಕ್ಕೆ ಎಣ್ಣೆಯನ್ನು ನಾವು ಅಂಗಡಿಗಳ ಸ್ಟಾಕ್ ನೋಡುತ್ತೇವಲ್ಲ, ಆ ದಾರಿಯಲ್ಲಿ ಹಿಡಿದೆ. ತಿಂಗಳ ಮೊದಲು ಇದ್ದದ್ದು, ಜೊತೆಗೆ ಕೊಂಡದ್ದು, ಅದರಲ್ಲಿ ತಿಂಗಳ ಕೊನೆಗೆ ಉಳಿದದ್ದನ್ನು ಕಳೆ. ನಾಲ್ಕು ಜನಕ್ಕೆ ತಿಂಗಳಿಗೆ ನಾಲ್ಕು ಲೀಟರ್. ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ತಲೆಗೆ ದಿನಕ್ಕೆ 30 ಗ್ರಾಂ ಬಂತು. ಗ್ರಾಂಗೆ 9ರಂತೆ 270 ಕ್ಯಾಲೊರಿ. ಅದೇ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ದಿನದ ಊಟಕ್ಕೆ 27 ಗ್ರಾಂ ಎಣ್ಣೆ ಇದೆ. ನಾನು ಉಣ್ಣಬೇಕಾದದ್ದು ಅದಕ್ಕಿಂತ ಎಷ್ಟೋ ಕಮ್ಮಿ. ಈ ಒಂದು ಲೆಕ್ಕವನ್ನು ನಾನು ನೋಡಿದ ಯಾವ ಆ್ಯಪೂ ಮಾಡಿಕೊಡಲಿಲ್ಲ. ತಿಂಗಳಿಗೆ ಮೂರೇ ಲೀಟರ್ ತರೋಣ ಅಂತ ಹೇಳಿದಾಗ ಅತ್ತೆ ಒಪ್ಪಿದರು. ದುಡ್ಡು ಉಳಿಯುತ್ತದೆ ಅಂತ.

ಗುರಿ ಎಷ್ಟಿರಬೇಕು ಅನ್ನುವುದನ್ನೂ ಆ್ಯಪ್ ಕೈಗೆ ಬಿಡಬೇಡಿ. ವಾರಕ್ಕೊಂದು ಕೆಜಿ ಇಳಿಸುತ್ತೇನೆ ಅಂತ ಒತ್ತಿದ ಕೂಡಲೇ ಒಂದು ಆ್ಯಪ್ ನನಗೆ ದಿನಕ್ಕೆ 1200 ಅಂತ ಬರೆದುಕೊಟ್ಟಿತು. ಇದರ ಸೂತ್ರ ಗುಟ್ಟೇನಲ್ಲ. ಹೆಂಗಸರಿಗೆ ತೂಕವನ್ನು 10ರಿಂದ, ಎತ್ತರದ ಸೆಂಟಿಮೀಟರನ್ನು 6.25ರಿಂದ ಗುಣಿಸಿ ಕೂಡಿ, ವಯಸ್ಸಿನ ಐದರಷ್ಟು ಮತ್ತು 161 ಕಳೆಯಬೇಕು. ನನಗೆ 41, ಎತ್ತರ 158, ತೂಕ 71. ಉತ್ತರ 1331. ಅದು ಸುಮ್ನೆ ಮಲಗಿದ್ದರೂ ದೇಹಕ್ಕೆ ಬೇಕಾದದ್ದು. ಕುರ್ಚಿ ಕೆಲಸಕ್ಕೆ 1.2ರಿಂದ ಗುಣಿಸಿದರೆ 1600 ಹತ್ತಿರ. ನಾನು 1400 ಇಟ್ಟುಕೊಂಡೆ. ನಿಧಾನ, ಹೌದು. ಆದರೆ ರಿಟರ್ನ್ಸ್ ತುಂಬುವ ಸೀಸನ್‌ನಲ್ಲಿ ಹಸಿದುಕೊಂಡು ಕೂತರೆ ಬೇರೆಯವರ ಜಿಎಸ್‌ಟಿ ಕೆಡುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಇರುವವರು ಈ ಅಂಕಿ ಡಾಕ್ಟರ ಹತ್ತಿರವೇ ಕೇಳಿಕೊಳ್ಳಿ.

ಮಗಳು ಒಂಬತ್ತನೇ ಕ್ಲಾಸು. ನಂಗೂ ಒಂದು ಕಾಲಂ ಹಾಕಮ್ಮ ಅಂದಳು. ಇಲ್ಲ ಅಂದೆ. ಬೆಳೆಯುವ ಹುಡುಗಿ ತುತ್ತು ಎಣಿಸಬಾರದು. ಫೈಲಿಗೆ ಪಾಸ್‌ವರ್ಡ್ ಹಾಕಿದ್ದೇನೆ.

ಹೊರಗಿನ ಊಟಕ್ಕೆ ನನ್ನ ಫೈಲಿನಲ್ಲಿ ಮೂರೇ ಸಾಲು. ಹೋಟೆಲ್ ತಿಂಡಿ 450, ಹೋಟೆಲ್ ಊಟ 800, ಮದುವೆ ಊಟ 1200. ಹೋಳಿಗೆ ಮೇಲೆ ತುಪ್ಪ ಎಷ್ಟು ಸುರಿದರು ಅಂತ ಎಲೆ ಮುಂದೆ ಕೂತು ಲೆಕ್ಕ ಹಾಕುವುದಿಲ್ಲ. ಮೂರೂ ಒರಟು ಅಂಕಿಗಳು, ಬೇಕೆಂದೇ ಸ್ವಲ್ಪ ಮೇಲಕ್ಕೆ ಇಟ್ಟಿದ್ದೇನೆ. ಸಂಶಯ ಇದ್ದ ಖರ್ಚನ್ನು ಪೂರ್ತಿ ತೋರಿಸಿಬಿಡಿ ಅಂತ ನಮ್ಮ ಸಾಹೇಬರೂ ಹೇಳುತ್ತಿರುತ್ತಾರೆ.