ಆರೂವರೆ ಮೀಟರ್ ನೆರಿಗೆ

ಯಾವ ಬಟ್ಟೆ ಕೈಗೆ ಸಿಕ್ಕರೂ ಮೊದಲು ಅದರ ಒಳಮಗ್ಗುಲು ತಿರುಗಿಸಿ ನೋಡುತ್ತೇನೆ. ಇದು ಅಮ್ಮನಿಂದ ಬಂದ ಅಭ್ಯಾಸ. ತುಮಕೂರಿನ ನಮ್ಮ ಮನೆಯ ನಡುಮನೆಯಲ್ಲೇ ಅವಳ ಹೊಲಿಗೆ ಮೆಷಿನ್ ಇತ್ತು. ಬೀದಿಯ ಹೆಣ್ಣುಮಕ್ಕಳಿಗೆಲ್ಲ ಬ್ಲೌಸ್, ಲಂಗ ಹೊಲಿದೇ ನಮ್ಮನ್ನು ಓದಿಸಿದಳು. "ಮೇಲ್ಗಡೆ ಎಲ್ರೂ ಚೆನ್ನಾಗೇ ಮಾಡ್ತಾರೆ, ಒಳಗಡೆ ನೋಡು" ಅನ್ನುತ್ತಿದ್ದಳು.

ನಾನೀಗ ಬೆಂಗಳೂರಿನ ಒಂದು ಗಾರ್ಮೆಂಟ್ಸಿನಲ್ಲಿ ಮರ್ಚಂಡೈಸರ್, ಅಂದರೆ ಆರ್ಡರುಗಳನ್ನು ನೋಡಿಕೊಳ್ಳುವವಳು. 2024ರ ಅಕ್ಟೋಬರಿನಲ್ಲಿ ಕೆಲಸದ ಮೇಲೆ ಹತ್ತು ದಿನ ವಿಯೆಟ್ನಾಮಿನ ಹೋ ಚಿ ಮಿನ್ ನಗರದಲ್ಲಿದ್ದೆ. ಊರಿನವರ ಬಾಯಲ್ಲಿ ಅದು ಈಗಲೂ ಸೈಗಾನ್. ಅಲ್ಲಿ ನಮಗೆ ಬಟ್ಟೆಯ ಮಾದರಿಗಳನ್ನು ತೋರಿಸುವ ಹುಡುಗಿ ಮೊದಲ ದಿನವೇ ನನ್ನ ವಯಸ್ಸು ಕೇಳಿದಳು. ನಲವತ್ತೊಂದು ಅಂದೆ. ಅವಳಿಗೆ ಮೂವತ್ತೆರಡು. "ಹಾಗಾದ್ರೆ ನೀವು ನಂಗೆ ಚಿ" ಅಂದಳು. ಚಿ ಅಂದರೆ ಅಕ್ಕ. ಅವರ ಭಾಷೆಯಲ್ಲಿ ಬರೀ 'ನಾನು', 'ನೀನು' ಅಂತ ಮಾತಾಡುವುದು ಕಡಿಮೆ. ಅಕ್ಕ, ತಂಗಿ, ಅತ್ತೆ, ಅಜ್ಜ, ಹೀಗೆ ಯಾವುದಾದರೂ ಒಂದು ನೆಂಟಸ್ತಿಕೆ ಹಿಡಿದೇ ಮಾತು ಶುರುವಾಗಬೇಕು. ನನಗೆ ಇದು ತುಂಬಾ ಹಿಡಿಸಿತು. ಇಲ್ಲೂ ಅವಳನ್ನು ತಂಗಿ ಅಂತಲೇ ಕರೆಯುತ್ತೇನೆ. ಅವಳ ಒಡಹುಟ್ಟಿದ ಇಪ್ಪತ್ತು ವರ್ಷದವಳನ್ನು ಚಿಕ್ಕವಳು ಅನ್ನುತ್ತೇನೆ.

ಶನಿವಾರ ರಾತ್ರಿ ಅಕ್ಕತಂಗಿ ಇಬ್ಬರೂ ನನ್ನನ್ನು ಬಾ ಚಿಯೂ ಮಾರ್ಕೆಟ್ ಹತ್ತಿರದ ಹಳೇ ಬಟ್ಟೆಯ ಸಾಲಿಗೆ ಕರೆದುಕೊಂಡು ಹೋದರು. ಹಳೇ ಬಟ್ಟೆಗೆ ಅಲ್ಲಿ 'ದೊ ಸಿ' ಅನ್ನುತ್ತಾರೆ. ಸ್ವೀಡನ್ನಿನ ನೆರವು ಸಂಸ್ಥೆ 'ಸಿಡಾ' ಹೆಸರಿನಿಂದ ಹುಟ್ಟಿದ ಮಾತಂತೆ. ಹಳೇ ಬಟ್ಟೆ ತರಿಸುವುದಕ್ಕೆ ಆ ದೇಶದಲ್ಲಿ ಕಾನೂನಿನ ನಿಷೇಧವಿದೆ. ಆದರೂ ಕಾಂಬೋಡಿಯಾ ಗಡಿಯ ಕಡೆಯಿಂದ ಬೇಲ್‌ಗಟ್ಟಲೆ ಬರುತ್ತವೆ. ಅದರಲ್ಲಿ ಜಪಾನಿನಿಂದ ಬಂದ ಬಟ್ಟೆಗೆ ಬೇಡಿಕೆ ಜಾಸ್ತಿ. ಹುಡುಗರು ಮೊಣಕಾಲ ಕೆಳಗೆ ಇಳಿಬಿದ್ದ ಅಗಲದ ಪ್ಯಾಂಟು, ಕೆಲಸಗಾರರು ಹಾಕುವ ನೀಲಿ ಜಾಕೆಟ್ಟುಗಳನ್ನು ಎತ್ತಿ ಎತ್ತಿ ಬಲ್ಬಿನ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ನಾನೂ ಒಂದು ತಿಳಿ ಹಸಿರು ಶರ್ಟ್ ಎತ್ತಿಕೊಂಡೆ. ಅಭ್ಯಾಸದಂತೆ ಒಳಗಡೆ ತಿರುಗಿಸಿದೆ. ಪಕ್ಕದ ಹೊಲಿಗೆಯಲ್ಲಿ ಒಗೆಯುವ ವಿಧಾನದ ಚೀಟಿ, ಪೂರ್ತಿ ಜಪಾನಿ ಅಕ್ಷರ. ಚಿಕ್ಕವಳು ಕಾಲೇಜಿನಲ್ಲಿ ಜಪಾನಿ ಭಾಷೆಯನ್ನೇ ಓದುತ್ತಿದ್ದಾಳೆ. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದಳು: "ಬೆಟೊನಾಮು ಸೇ." ವಿಯೆಟ್ನಾಮಿನಲ್ಲಿ ತಯಾರಾದದ್ದು.

ಮೂವರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಇಲ್ಲೇ ಎಲ್ಲೋ ಯಾರೋ ಒಬ್ಬ ಹೆಣ್ಣುಮಗಳು ಹೊಲಿದ ಶರ್ಟ್ ಹಡಗು ಹತ್ತಿ ಜಪಾನಿಗೆ ಹೋಗಿ, ಅಲ್ಲಿ ಯಾರದೋ ಮೈಮೇಲೆ ನಾಲ್ಕು ವರ್ಷವೋ ಐದು ವರ್ಷವೋ ಇದ್ದು, ಬೇಲ್‌ನಲ್ಲಿ ಮುದುಡಿಕೊಂಡು ಹುಟ್ಟಿದೂರಿಗೆ ವಾಪಸ್ ಬಂದಿದೆ. ಈಗ ಅದು 'ಜಪಾನ್ ಸ್ಟೈಲ್'. ತಂಗಿ ಆ ಶರ್ಟನ್ನು ಚೌಕಾಸಿ ಮಾಡದೆ ಕೊಂಡಳು. ಅದಕ್ಕೆ ಕಾರಣ ನನಗೆ ಮಾರನೇ ದಿನ ಗೊತ್ತಾಯಿತು.

ವಾಪಸ್ ಬರುವಾಗ ತಂಗಿ ತನ್ನ ಶಾಲೆಯ ದಿನಗಳನ್ನು ಹೇಳಿದಳು. 2007-08ರ ಸುಮಾರಿನ ಮಾತು. ಆಗ ವಿಯೆಟ್ನಾಮಿನ ಹುಡುಗ ಹುಡುಗಿಯರೆಲ್ಲ ಯಾಹೂ 360 ಅನ್ನುವ ಬ್ಲಾಗ್ ತಾಣದಲ್ಲಿ ಬರೆಯುತ್ತಿದ್ದರು, ಫೋಟೋ ಹಾಕುತ್ತಿದ್ದರು. ಟೋಕಿಯೋದ ಹರಾಜುಕು ಬೀದಿಯ ಚಿತ್ರಗಳು ಅವಳಿಗೆ ಸಿಕ್ಕಿದ್ದು ಅಲ್ಲೇ. ಒಂದರ ಮೇಲೊಂದು ಮೂರು ಬಣ್ಣದ ಲಂಗ, ಪಟ್ಟೆಪಟ್ಟೆ ಕಾಲುಚೀಲ, ಕೂದಲ ತುಂಬ ಪ್ಲಾಸ್ಟಿಕ್ ಕ್ಲಿಪ್ಪು. ಎಷ್ಟೋ ಚಿತ್ರಗಳ ಮೂಲ 'ಫ್ರೂಟ್ಸ್' ಅನ್ನುವ ಜಪಾನಿ ಪತ್ರಿಕೆ. ಶೋಇಚಿ ಆಓಕಿ ಅನ್ನುವ ಫೋಟೋಗ್ರಾಫರ್ 1997ರಲ್ಲಿ ಅದನ್ನು ಶುರು ಮಾಡಿದ್ದ. ಬೀದಿಯಲ್ಲಿ ಹೋಗುವ ಹುಡುಗ ಹುಡುಗಿಯರನ್ನು ನಿಲ್ಲಿಸಿ ಅಡಿಯಿಂದ ಮುಡಿಯವರೆಗೆ ಒಂದು ಫೋಟೋ, ಅಷ್ಟೇ. ಮಾಡೆಲ್‌ಗಳಲ್ಲ. ಅವರವರೇ ಜೋಡಿಸಿಕೊಂಡ ಬಟ್ಟೆ. ತಂಗಿಗೆ ಧೈರ್ಯ ಬಂದಿದ್ದೇ ಅದರಿಂದ. ಅಪ್ಪನ ಹಳೇ ಶರ್ಟ್ ಕತ್ತರಿಸಿ ಲಂಗ ಮಾಡಿಕೊಂಡಳು. ಸ್ವೆಟರಿನ ತೋಳು ಬಿಚ್ಚಿ ಕಾಲಿಗೆ ಹಾಕಿಕೊಂಡಳು, ಸೈಗಾನಿನ ಆ ಸೆಕೆಯಲ್ಲಿ! ಶಾಲೆಯಲ್ಲಿ ಬೈಗುಳ ಬಿತ್ತು. ಅಮ್ಮ ಮಾತ್ರ ಏನೂ ಅನ್ನಲಿಲ್ಲವಂತೆ. ಲಂಗ ಕೈಗೆ ತೆಗೆದುಕೊಂಡು, ಬಿಟ್ಟುಹೋಗುತ್ತಿದ್ದ ಅಂಚನ್ನು ಮತ್ತೆ ಹೊಲಿದು ಕೊಟ್ಟರಂತೆ.

ಜಪಾನ್ ಅವರಿಗೆ ಆಗಲೇ ದೂರದ ದೇಶವಾಗಿರಲಿಲ್ಲ. ಡೋರೆಮಾನ್ ಕಾಮಿಕ್ಸ್ ಅಲ್ಲಿ 1992ರಲ್ಲೇ ಬಂದಿತ್ತು. ತಂಗಿ ಅಕ್ಷರ ಕಲಿತಿದ್ದೇ ಅದರಲ್ಲಿ. 1994ರಲ್ಲಿ ಟಿವಿಯಲ್ಲಿ 'ಓಶಿನ್' ಧಾರಾವಾಹಿ ಬಂತು. ಅದರಲ್ಲಿ ಮನೆಗೆಲಸಕ್ಕೆ ಸೇರುವ ಬಡ ಹುಡುಗಿಯ ಹೆಸರು ಎಷ್ಟು ಬಳಕೆಯಾಯಿತೆಂದರೆ, ವಿಯೆಟ್ನಾಮಿ ಭಾಷೆಯಲ್ಲಿ ಮನೆಗೆಲಸದವರಿಗೆ ಈಗಲೂ 'ಓಸಿನ್' ಅನ್ನುತ್ತಾರೆ. ಜಪಾನಿನ ಯೂನಿಕ್ಲೋದಂಥ ದೊಡ್ಡ ಬಟ್ಟೆ ಅಂಗಡಿ ಸೈಗಾನಿಗೆ ಬಂದಿದ್ದು 2019ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ತಂಗಿಯಂಥವರು ಹತ್ತು ವರ್ಷದಿಂದ ಕತ್ತರಿ ಹಿಡಿದು ಕೂತಿದ್ದರು. ಜಪಾನಿನ ಫ್ಯಾಷನ್ ಅಲ್ಲಿಗೆ ಅಂಗಡಿಯ ಬಾಗಿಲಿಂದ ಬಂತು ಅಂದರೆ ನಾನು ಒಪ್ಪುವುದಿಲ್ಲ.

ಮಾರನೇ ದಿನ 20ನೇ ತಾರೀಕು, ಭಾನುವಾರ. ಅವತ್ತು ವಿಯೆಟ್ನಾಮಿನ ಮಹಿಳಾ ದಿನ. ಬೆಳಿಗ್ಗೆಯಿಂದಲೇ ಫುಟ್‌ಪಾತಿನಲ್ಲಿ ಬಕೆಟ್ ತುಂಬ ಗುಲಾಬಿ ಇಟ್ಟುಕೊಂಡು ಮಾರುತ್ತಿದ್ದರು. ಸ್ಕೂಟರಿನ ಹಿಂದೆ ಮುಂದೆ ಹೂವು. ನಾನೂ ಒಂದು ಗೊಂಚಲು ತೆಗೆದುಕೊಂಡು ಅವರ ಮನೆಗೆ ಹೋದೆ.

ಕಿರಿದಾದ ಗಲ್ಲಿ, ನೆಟ್ಟಗೆ ಮೇಲಕ್ಕೆ ಎದ್ದ ಮನೆ. ಅವರ ಅಮ್ಮ ಬಾಗಿಲಲ್ಲೇ ಹೂವು ತೆಗೆದುಕೊಂಡು ನನ್ನ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ. ಬೆರಳ ತುದಿ ಮುಟ್ಟಿದ ಕೂಡಲೇ ಗೊತ್ತಾಯಿತು. ನಮ್ಮಮ್ಮನ ಬೆರಳೂ ಹಾಗೇ ಇದೆ. ಎಡಗೈ ತೋರುಬೆರಳಲ್ಲಿ ಸೂಜಿಯ ಗುರುತು, ಗಟ್ಟಿಯಾದ ಚರ್ಮ. ಹದಿನೆಂಟು ವರ್ಷ ಅವರು ಗಾರ್ಮೆಂಟ್ಸಿನಲ್ಲಿದ್ದರಂತೆ. "ಎಲ್ಲಿಗೆ ಹೋಗುತ್ತಿತ್ತು ಮಾಲು?" ಅಂದೆ. "ಜಾಸ್ತಿ ಜಪಾನಿಗೆ" ಅಂದರು. "ನಾನು ಕಾಲರ್ ಮಾತ್ರ. ಪೂರ್ತಿ ಶರ್ಟ್ ಯಾವತ್ತೂ ಹೊಲಿದಿಲ್ಲ." ಗಾರ್ಮೆಂಟ್ಸ್ ಲೈನಿನ ಕೆಲಸವೇ ಹಾಗೆ. ಒಬ್ಬರಿಗೆ ತೋಳು, ಒಬ್ಬರಿಗೆ ಜೇಬು, ಒಬ್ಬರಿಗೆ ಕಾಜಾ. ಬೆಂಗಳೂರಿನಲ್ಲೂ ದಿನಾ ನೋಡುತ್ತೇನೆ. ಹಿಂದಿನ ರಾತ್ರಿಯ ಹಸಿರು ಶರ್ಟ್ ಟೀಪಾಯಿ ಮೇಲಿತ್ತು. ಅಮ್ಮ ಅದರ ಕಾಲರ್ ಮೇಲೆ ಹೆಬ್ಬೆರಳು ಆಡಿಸಿ, ತುದಿ ಒತ್ತಿ ನೋಡಿ, ತಲೆ ಆಡಿಸಿದರು. ತಮ್ಮದಲ್ಲ. ಆದರೆ ಒಳ್ಳೆ ಕೈ ಅಂದರು.

ಚಿಕ್ಕವಳಿಗೆ ಅವತ್ತು ದೊಡ್ಡ ದಿನ. ಅವಳ ಹೊಸ ಡ್ರೆಸ್ಸಿಗೆ ಕೊನೆಯ ಅಳತೆ ನೋಡುವುದಿತ್ತು. ಅವಳದು ಅಕ್ಕನ ಹಾಗೆ ಬಣ್ಣಬಣ್ಣದ ದಾರಿಯಲ್ಲ. 'ಲೋಲಿಟಾ' ಅನ್ನುವ ಬಗೆ. ಹೆಸರು ಕೇಳಿ ತಪ್ಪು ತಿಳಿಯಬೇಡಿ. ಕತ್ತಿನಿಂದ ಮೊಣಕಾಲಿನವರೆಗೆ ಮುಚ್ಚುವ ಉಡುಪು ಅದು. ಗಂಟೆಯಂತೆ ಅಗಲಿಸಿ ನಿಲ್ಲುವ ಲಂಗ, ಒಳಗೆ ಪೆಟಿಕೋಟು, ಲೇಸು, ಬಿಳಿ ಕಾಲರ್. ಹರಾಜುಕುವಿನ ಹುಡುಗಿಯರು ಬೆಳೆಸಿದ್ದು. ಜಪಾನಿನ ದೊಡ್ಡ ಬ್ರ್ಯಾಂಡಿನ ಒಂದು ಡ್ರೆಸ್ಸಿಗೆ ಆಗ ಸುಮಾರು 30,000 ಯೆನ್. ವಿಯೆಟ್ನಾಮಿನ ಹಣದಲ್ಲಿ ಲೆಕ್ಕ ಹಾಕಿದರೆ 50 ಲಕ್ಷ ಡಾಂಗ್ ದಾಟುತ್ತಿತ್ತು. ಆ ವರ್ಷ ಜುಲೈನಲ್ಲಿ ಏರಿಸಿದ ಮೇಲೂ ಸೈಗಾನಿನಲ್ಲಿ ತಿಂಗಳ ಕನಿಷ್ಠ ಕೂಲಿ 49,60,000 ಡಾಂಗ್ ಇತ್ತು. ಅಂದರೆ ಒಂದು ಡ್ರೆಸ್ಸಿಗೆ ಒಂದು ತಿಂಗಳ ಕೂಲಿ ಸಾಲುತ್ತಿರಲಿಲ್ಲ. ಅದಕ್ಕೇ ಅಲ್ಲಿ ಎಷ್ಟೋ ಹುಡುಗಿಯರು ಬ್ರ್ಯಾಂಡಿನ ಚಿತ್ರ ಹಿಡಿದುಕೊಂಡು ಬೀದಿಯ ಟೈಲರ್ ಹತ್ತಿರ ಹೋಗುತ್ತಾರೆ. ಚಿಕ್ಕವಳು ಚೋ ಲೋನಿನ ಸ್ವಾಯ್ ಕಿನ್ ಲಾಮ್ ಬಟ್ಟೆ ಮಾರ್ಕೆಟ್ಟಿನಲ್ಲಿ ಮೂರು ಭಾನುವಾರ ಅಲೆದು ಕಡುನೀಲಿ ಹತ್ತಿ ಬಟ್ಟೆ ಆರಿಸಿದ್ದಳು.

ಅವಳ ಟೈಲರ್ ಅಂಗಡಿಗೆ ಹೋದೆವು. ಟೈಲರ್ ಹೆಂಗಸಿಗೆ ಎಪ್ಪತ್ತರ ಹತ್ತಿರ. ಎಲ್ಲರೂ ಅವರಿಗೆ 'ಕೋ', ಅಂದರೆ ಅತ್ತೆ, ಅನ್ನುತ್ತಿದ್ದರು. ಬದುಕೆಲ್ಲ ಆವೊ ಯಾಯ್ ಹೊಲಿದವರು. ಇಕ್ಕೆಲದಲ್ಲಿ ಸೀಳಿರುವ, ಮೈಗೆ ಅಂಟಿದಂತೆ ಇಳಿಯುವ ಆ ಉದ್ದ ನಿಲುವಂಗಿಯಲ್ಲಿ ಒಂದು ನೂಲು ಸಡಿಲವಾದರೂ ಕಾಣುತ್ತೆ. ಅಂಥ ಕೈಗೆ ಐದಾರು ವರ್ಷದ ಹಿಂದೆ ಒಬ್ಬ ಹುಡುಗಿ ಮೊಬೈಲಿನಲ್ಲಿ ಲೋಲಿಟಾ ಚಿತ್ರ ತೋರಿಸಿ "ಹೀಗೆ ಹೊಲೀತೀರಾ?" ಅಂದಳಂತೆ. ಅಲ್ಲಿಂದ ಶುರು. ಈಗ ಗೋಡೆಯ ಮೇಲೆ ಅರ್ಧ ಆವೊ ಯಾಯ್, ಇನ್ನರ್ಧ ಲೇಸಿನ ಲಂಗಗಳು.

ಅನುಮತಿ ಕೇಳಿ ಡ್ರೆಸ್ಸಿನ ಒಳಗಡೆ ನೋಡಿದೆ. ನನ್ನ ಕಣ್ಣು ತುಂಬಿಬಂತು, ನಿಜವಾಗಿ. ಫ್ರಿಲ್ಲಿನ ನೆರಿಗೆಯನ್ನು ಮೆಷಿನ್ನಿನಲ್ಲಿ ಎಳೆದಿರಲಿಲ್ಲ. ಎರಡು ಸಾಲು ಕೈಹೊಲಿಗೆ ಹಾಕಿ, ದಾರ ಎಳೆದು, ಬೆರಳಿಂದ ಒಂದೊಂದೇ ನೆರಿಗೆ ಕೂರಿಸಿದ್ದರು. ಒಂದೇ ಸಮ. ಲೈನಿಂಗ್ ಬರೀ ಎದೆಯ ಭಾಗಕ್ಕೆ, ಅದೂ ತೆಳು ಹತ್ತಿಯದು. "ಜಪಾನಿನಲ್ಲಿ ಚಳಿ ಇರುತ್ತೆ, ಪೂರ್ತಿ ಹಾಕ್ತಾರೆ. ಇಲ್ಲಿ ಹಾಗೆ ಹಾಕಿದ್ರೆ ಮಗು ಬೆಂದುಹೋಗುತ್ತೆ" ಅಂದರು ಕೋ. ತೋಳಿನ ಕೆಳಗೆ ಗಾಳಿಗೆಂದು ಅರ್ಧ ಇಂಚು ಜಾಸ್ತಿ ಬಿಟ್ಟಿದ್ದರು. ಚಿತ್ರದಲ್ಲಿ ಇಲ್ಲದ್ದೆಲ್ಲ ಅವರ ತಲೆಯಿಂದ ಬಂದಿದ್ದು.

ಇಂಥ ಬಟ್ಟೆ ನೋಡಿ ಮನೆಯ ಹಿರಿಯರು ಬೈಯಲ್ವಾ ಅಂತ ಕೇಳಿದೆ. ಕೋ ಗೋಡೆಯ ಕಡೆ ಕೈ ತೋರಿಸಿದರು. "ಆವೊ ಯಾಯ್‌ಗೂ ಬೈದಿದ್ರು" ಅಂದರು. 1930ರ ದಶಕದಲ್ಲಿ ಹನೋಯಿಯ ಚಿತ್ರಕಾರ ನ್ಗುಯೆನ್ ಕಾಟ್ ತುವಾಂಗ್ ಹಳೇ ಸಡಿಲ ಐದು ತುಂಡಿನ ಅಂಗಿಯನ್ನು ಮೈಯಳತೆಗೆ ಕತ್ತರಿಸಿ, ಫ್ರೆಂಚರ ಬಟ್ಟೆಯಿಂದ ಉಬ್ಬಿದ ತೋಳು ತಂದು ಸೇರಿಸಿದ್ದ. ಅವನ ಹೆಸರಿನ 'ತುವಾಂಗ್'ಗೆ ಗೋಡೆ ಅನ್ನುವ ಅರ್ಥವೂ ಇದೆ. ಅದಕ್ಕೆ ಆ ಉಡುಪನ್ನು ಫ್ರೆಂಚಿನಲ್ಲಿ 'ಲೆ ಮ್ಯೂರ್', ಅಂದರೆ ಗೋಡೆ, ಅಂತಲೇ ಕರೆದರು. ದೊಡ್ಡವರು ಮೂಗು ಮುರಿದಿದ್ದರು. ಕೋ ಅವರ ತಾಯಿಗೆ ಅಂಥ ಉಬ್ಬುತೋಳಿನ ಒಂದು ಅಂಗಿ ಇತ್ತಂತೆ. "ಈ ಹುಡುಗಿಯ ತೋಳು ಕತ್ತರಿಸುವಾಗ ಅದೇ ನೆನಪಾಯ್ತು" ಅಂದರು.

ಡ್ರೆಸ್ಸಿಗೆ ಕಾಲರ್ ಇನ್ನೂ ಇರಲಿಲ್ಲ. ನಾನು ಕೇಳುವ ಮೊದಲೇ ಚಿಕ್ಕವಳು ಬ್ಯಾಗಿನಿಂದ ಪೇಪರಿನಲ್ಲಿ ಸುತ್ತಿದ ಗಂಟು ತೆಗೆದಳು. ಒಳಗೆ ಬಿಳಿ ದುಂಡು ಕಾಲರ್. ಅಮ್ಮ ಹೊಲಿದದ್ದು. ಹದಿನೆಂಟು ವರ್ಷ ಜಪಾನಿಗೆ ಕಾಲರ್ ಹೊಲಿದ ಅಮ್ಮ, ಮೊದಲ ಸಲ ಮನೆಯೊಳಗಿನ ಕತ್ತಿಗೆ ಹೊಲಿದಿದ್ದರು. "ಅಮ್ಮನ ಕೆಲಸ ಏನೂಂತ ಚಿಕ್ಕವಳಿದ್ದಾಗ ನಂಗೆ ಗೊತ್ತೇ ಆಗ್ತಿರಲಿಲ್ಲ. ಬಟ್ಟೆ ಹೊಲೀತಾರೆ ಅಂತಿದ್ರು, ಆದ್ರೆ ಮನೇಲಿ ಅವರು ಹೊಲಿದ ಒಂದು ಬಟ್ಟೇನೂ ಇರಲಿಲ್ಲ" ಅಂದಳು. ಕೋ ಕಾಲರನ್ನು ಕತ್ತಿಗೆ ಇಟ್ಟು ಗುಂಡುಸೂಜಿ ಚುಚ್ಚಿದರು. ಒಂದು ಕೂದಲಿನಷ್ಟೂ ಆಚೀಚೆ ಹೋಗಲಿಲ್ಲ. ಹೊಲಿಗೆ ಮುಗಿಸಿ ಎದ್ದವರ ಕೈಗೆ ಚಿಕ್ಕವಳು ಒಂದು ಗುಲಾಬಿ ಕೊಟ್ಟಳು.

ಸಂಜೆ ನ್ಗುಯೆನ್ ಹುವೆ ಬೀದಿಗೆ ಹೊರಟೆವು. ಗಾಡಿಗಳಿಲ್ಲದ, ಸುಮ್ನೆ ನಡೆದಾಡುವ ಅಗಲದ ಬೀದಿ ಅದು. ದಾರಿಯಲ್ಲಿ ಮಳೆ. ಸೈಗಾನಿನ ಅಕ್ಟೋಬರ್ ಮಳೆ ಹೇಳಿ ಕೇಳಿ ಬರುವುದಿಲ್ಲ. ಸ್ಕೂಟರುಗಳೆಲ್ಲ ಪಕ್ಕಕ್ಕೆ ನಿಂತು ರೈನ್‌ಕೋಟ್ ಹಾಕಿಕೊಂಡವು. ಚಿಕ್ಕವಳು ಪೆಟಿಕೋಟನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗೆ ಅಪ್ಪಿಕೊಂಡಿದ್ದಳು. ಮಳೆ ನಿಂತ ಮೇಲೆ ಒಂದು ಕಾಫಿ ಅಂಗಡಿಯ ಬಚ್ಚಲಲ್ಲಿ ಅದನ್ನು ತೊಟ್ಟು ಬಂದಳು.

ಅವಳ ಗೆಳತಿಯರು ಆರು ಜನ. ಎಲ್ಲರೂ ಅವರವರ ಟೈಲರ್‌ಗಳ ಹೆಸರು ಹೇಳಿ ಹೊಗಳಿದ್ದೇ ಹೊಗಳಿದ್ದು. ಒಬ್ಬಳ ಲಂಗ ಅವಳ ಅಜ್ಜಿಯ ಪರದೆ ಬಟ್ಟೆಯದು. ಇನ್ನೊಬ್ಬಳು ಆವೊ ಯಾಯ್ ಕತ್ತಿನ ಪಟ್ಟಿಯನ್ನೇ ಲೋಲಿಟಾ ಡ್ರೆಸ್ಸಿಗೆ ಇಡಿಸಿದ್ದಳು. ನನಗೆ ಎಲ್ಲಕ್ಕಿಂತ ಚೆಂದ ಕಂಡಿದ್ದು ಅದೇ. ಟೋಕಿಯೋದಲ್ಲಿ ಆ 'ಫ್ರೂಟ್ಸ್' ಪತ್ರಿಕೆ ಮುಚ್ಚಿ ಆಗಲೇ ಏಳೆಂಟು ವರ್ಷ. ಫೋಟೋ ತೆಗೆಯುವಂಥ ಹುಡುಗರು ಈಗ ಬೀದಿಯಲ್ಲಿ ಸಿಗುತ್ತಿಲ್ಲ ಅಂತ ಆಓಕಿಯೇ ಹೇಳಿದ್ದ. ಒದ್ದೆ ಕಲ್ಲುಹಾಸಿನ ಮೇಲೆ ಈ ಏಳು ಜನ ನಿಂತಿದ್ದನ್ನು ನೋಡಿದಾಗ, ಅವನು ಇಲ್ಲಿ ಇರಬೇಕಿತ್ತು ಅನ್ನಿಸಿತು.

ಫೋಟೋ ತೆಗೆಸಿಕೊಳ್ಳುವಾಗ ಚಿಕ್ಕವಳ ಫ್ರಿಲ್ಲಿನ ಒಂದು ಕಡೆ ಸ್ಕೂಟರಿಗೆ ಸಿಕ್ಕಿ ಬಿಟ್ಟಿದ್ದು ಕಂಡಿತು. ಅವಳ ಮುಖ ಬಾಡಿತು. ನನ್ನ ಬ್ಯಾಗಿನಲ್ಲಿ ಸೂಜಿ ದಾರ ಯಾವಾಗಲೂ ಇರುತ್ತೆ. ಅಲ್ಲೇ ಮಂಡಿಯೂರಿ ಕೂತೆ. ಕೋ ಹಾಕಿದ್ದ ನೆರಿಗೆಯ ಗುರುತು ಬಟ್ಟೆಯ ಮೇಲೆ ಹಾಗೇ ಇತ್ತು. ಅದರ ಮೇಲೇ ಒಂದೊಂದು ಹೊಲಿಗೆ ಹಾಕುತ್ತಾ ಹೋದೆ. ತಂಗಿ ಮೊಬೈಲಿನ ಬೆಳಕು ಹಿಡಿದಳು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ.

ರಾತ್ರಿ ರೂಮಿಗೆ ಬಂದು ಅಮ್ಮನಿಗೆ ಫೋಟೋ ಕಳಿಸಿದೆ. ನಮ್ಮೂರಲ್ಲಿ ಆಗ ಇನ್ನೂ ಎಂಟೂವರೆ. ಐದು ನಿಮಿಷದಲ್ಲಿ ಫೋನ್ ಬಂತು. ಯಾರ ಮಗಳು, ಇದೇನು ವೇಷ, ಏನೂ ಕೇಳಲಿಲ್ಲ.

"ಆ ಕೆಳಗಿನ ಫ್ರಿಲ್ಲಿಗೆ ಎಷ್ಟು ಬಟ್ಟೆ ಹಿಡಿತಂತೆ?"

"ಆರೂವರೆ ಮೀಟರಮ್ಮ."

"ಹ್ಞೂಂ. ಎರಡೂವರೆ ಪಟ್ಟು ಇಟ್ಟಿದ್ದಾರೆ" ಅಂದಳು. ಮತ್ತೆ ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದಳು ಅನ್ನಿಸುತ್ತೆ, ಸ್ವಲ್ಪ ಹೊತ್ತು ಮಾತಿರಲಿಲ್ಲ. "ಕೈಯಲ್ಲೇ ಕೂರಿಸಿದ್ದಾರೆ ಕಣೆ. ಒಳಗಡೆದೂ ಒಂದು ಫೋಟೋ ತೆಗೆದು ಕಳಿಸು."