5.6 ಅಂತ ನಂಬಿದ ದಿನ

ಬೀದರ್ ಜಿಲ್ಲೆಯ ಔರಾದ್ ಕಡೆಯ ಹಳ್ಳಿಗಳಿಗೆ ಕರುಗಳನ್ನು ನೋಡಲು ಹೋಗುವಾಗ ನನ್ನ ಚೀಲದಲ್ಲಿ ರಿಫ್ರಾಕ್ಟೋಮೀಟರ್ ಇದ್ದೇ ಇರುತ್ತದೆ. ಗೇಣುದ್ದದ ಕೊಳವೆ. ಕರೆಂಟು ಬೇಡ, ಕೆಮಿಕಲ್ ಬೇಡ. ಗಾಜಿನ ಮೇಲೆ ಕರುವಿನ ರಕ್ತದ ಒಂದು ಹನಿ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಬಿಟ್ಟು, ಮುಚ್ಚಳ ಹಾಕಿ, ಬೆಳಕಿಗೆ ಹಿಡಿದರೆ ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಕೂಡುವ ಗೆರೆ ಯಾವ ಅಂಕಿಯ ಮೇಲಿದೆಯೋ, ಒಂದು ಡೆಸಿಲೀಟರ್‌ನಲ್ಲಿ ಅಷ್ಟು ಗ್ರಾಂ ಪ್ರೋಟೀನ್. ರಕ್ತ ಹೆಪ್ಪುಗಟ್ಟಿ ಸೀರಂ ತಿಳಿಯಾಗಿ ಮೇಲೆ ಬರುವವರೆಗೆ ಕಾಯಬೇಕು. ಪ್ಲಾಸ್ಮಾ, ಅಂದರೆ ಹೆಪ್ಪುಗಟ್ಟದ ರಕ್ತದ ತಿಳಿ, ಹಾಕಿದರೆ ಹೆಪ್ಪುಗಟ್ಟಿಸುವ ಪ್ರೋಟೀನ್ ಫೈಬ್ರಿನೋಜನ್ ಕೂಡ ಸೇರಿ ಅಂಕಿ ಸ್ವಲ್ಪ ಜಾಸ್ತಿ ಬರುತ್ತದೆ.

ಆಕಳ ಹೊಟ್ಟೆಯಲ್ಲಿ ಇರುವಾಗ ರೋಗ ತಡೆಯುವ ತಾಯಿಯ ಆಂಟಿಬಾಡಿ ಕರುವಿಗೆ ದಾಟುವುದಿಲ್ಲ. ಗಿಣ್ಣದ ಹಾಲಿನಿಂದಲೇ ಬರಬೇಕು. ಅದನ್ನು ಹಾಗೇ ಹೀರಿಕೊಳ್ಳುವ ಶಕ್ತಿ ಕರುಳಿಗೆ ಇರುವುದು ಹೆಚ್ಚೆಂದರೆ ಮೊದಲ 24 ಗಂಟೆ. ಅದೂ ಗಂಟೆ ಗಂಟೆಗೆ ಇಳಿಯುತ್ತಾ ಹೋಗುತ್ತದೆ. ಆಂಟಿಬಾಡಿಯೂ ಪ್ರೋಟೀನೇ ಅಲ್ವಾ? ಹಾಗಾಗಿ ಮೊದಲ ವಾರದಲ್ಲಿ ಅಳೆದರೆ ಕರು ಗಿಣ್ಣ ಸರಿಯಾಗಿ ಕುಡಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. 6.2 ದಾಟಿದರೆ ಬಹಳ ಒಳ್ಳೆಯದು. 5.1ಕ್ಕಿಂತ ಕಡಿಮೆ ಇದ್ದರೆ ಆ ಕರುವಿನ ಬಗ್ಗೆ ನನಗೆ ನಿದ್ದೆ ಬರುವುದಿಲ್ಲ.

ಹೋದ ಮಳೆಗಾಲ ಒಬ್ಬ ಆಯಿಯ ಮನೆಗೆ ಹೋಗಿದ್ದೆ. ದೇವಣಿ ತಳಿಯ ಕರು, ಬಿಳಿ ಮೈ, ಕಪ್ಪು ಮುಖ, ಹುಟ್ಟಿ ನಾಲ್ಕು ದಿನ. ಎರಡು ದಿನದಿಂದ ಭೇದಿ. ಅಳೆದೆ: 5.6. ಪರವಾಗಿಲ್ಲ, ಗಿಣ್ಣ ಕುಡಿದಿದೆ ಅಂದುಕೊಂಡೆ. ಕಣ್ಣು ಗುಳಿ ಬಿದ್ದಿತ್ತು. ಕುತ್ತಿಗೆಯ ಚರ್ಮ ಹಿಡಿದೆತ್ತಿ ಬಿಟ್ಟರೆ ಮಡಿಕೆ ಹಾಗೇ ನಿಂತಿತ್ತು. ನೋಡಿಯೂ ಅದನ್ನು ಅಂಕಿಯ ಜೊತೆ ಕೂಡಿಸಿ ಯೋಚಿಸಲಿಲ್ಲ. ಮೈಯ ನೀರು ಹೋದಾಗ ರಕ್ತ ಗಟ್ಟಿಯಾಗುತ್ತದೆ. ಇದ್ದಷ್ಟೇ ಪ್ರೋಟೀನ್ ಜಾಸ್ತಿ ಕಾಣುತ್ತದೆ. ಬಾಟಲಿ ಏರಿಸಿ ಸಂಜೆ ಮತ್ತೆ ಅಳೆದಾಗ 4.4.

ಆಗ ಕೇಳಿದೆ, "ಗಿಣ್ಣ ಯಾವಾಗ ಕುಡಿಸಿದ್ರಿ ಆಯಿ?"

"ಕಸ ಬಿದ್ದಿದ್ದಿಲ್ಲ ಯವ್ವಾ. ಮರುದಿನ ಮಧ್ಯಾಹ್ನ ಬಿಟ್ಟೆವು."

ಕಸ ಅಂದರೆ ಕರು ಹುಟ್ಟಿದ ಮೇಲೆ ಬೀಳುವ ಮಾಸು. ಈ ಪ್ರಶ್ನೆ ಬೆಳಗ್ಗೆಯೇ ಕೇಳಬೇಕಿತ್ತು. ಕರು ಆರನೇ ದಿನ ಸತ್ತಿತು. ಆಯಿ ನನ್ನ ಮೇಲೆ ಸಿಟ್ಟಾಗಲಿಲ್ಲ, ಚಹಾ ಮಾಡಿ ಕೊಟ್ಟರು. ಅದು ಇನ್ನೂ ಕಷ್ಟವಾಯಿತು.

ಅಂದಿನಿಂದ ಮೊದಲು ಚರ್ಮ ಎತ್ತಿ ನೋಡುತ್ತೇನೆ, ಆಮೇಲೆ ಕೊಳವೆ. ಮನೆ ಮನೆಗೂ ಹೇಳುತ್ತೇನೆ: ಕಸಕ್ಕೆ ಕಾಯಬೇಡಿ. ಕರು ಮೊಲೆ ಚೀಪಿದರೆ ಕಸ ಬೀಳುವುದಕ್ಕೂ ಸಹಾಯವೇ. ಎರಡು ಗಂಟೆಯೊಳಗೆ ಮೊದಲ ಗಿಣ್ಣ ಹೊಟ್ಟೆಗೆ ಹೋಗಬೇಕು. 22 ಕೆಜಿ ಕರುವಾದರೆ ಮೊದಲ ದಿನ ಎರಡು ಲೀಟರ್‌ಗಿಂತ ಕಡಿಮೆಯಾಗಬಾರದು.

ಈ ಶ್ರಾವಣದಲ್ಲಿ ಅದೇ ಆಕಳು ಮತ್ತೆ ಕರು ಹಾಕಿತು. ಕಸ ಬೀಳುವ ಮೊದಲೇ ಕರು ಕುಡಿದು ಮಲಗಿತ್ತಂತೆ. ಮೂರನೇ ದಿನ ಹೋಗಿ ಸೀರಂ ಹಾಕಿ ನೋಡಿ, ಕೊಳವೆ ಆಯಿಯ ಕೈಗೇ ಕೊಟ್ಟೆ. ಒಂದು ಕಣ್ಣು ಮುಚ್ಚಿ, ಬಾಗಿಲ ಬೆಳಕಿಗೆ ತಿರುಗಿ, ಬಹಳ ಹೊತ್ತು ನೋಡಿದರು.

"ನೀಲಿ ಎಲ್ಲಿಗಿ ಮುಗದದ ಯವ್ವಾ?"

"6.4, ಆಯಿ."