ಆಟ ಕೇಳದ ನಿಯಮಗಳನ್ನು ಹಾಕಿಕೊಳ್ಳುವುದೇಕೆ?

ನಾನು ‘ಸ್ಕೈರಿಮ್’ ಎಂಬ ವಿಡಿಯೊ ಗೇಮ್ ಆಡುವುದನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: ನಕ್ಷೆಯ ಮೇಲೆ ಒತ್ತಿದರೆ ಕ್ಷಣದಲ್ಲಿ ಊರು ಸೇರಬಹುದಾಗಿರುವಾಗ, ಆಟವೇ ಕೇಳದ ಕಟ್ಟುಪಾಡುಗಳನ್ನು ಹಾಕಿಕೊಂಡು ನಡೆದೇ ಹೋಗುವುದೇಕೆ? ಆಟ ಕಠಿಣವಾಗಲೆಂದು ಹೀಗೆ ಮಾಡುತ್ತೇನೆ ಎಂದು ಹಲವರು ಭಾವಿಸುತ್ತಾರೆ. ಅದಕ್ಕಾದರೆ ಸೆಟ್ಟಿಂಗ್ಸ್‌ನಲ್ಲಿ ಕಷ್ಟದ ಮಟ್ಟವನ್ನು ಏರಿಸಿದರೆ ಸಾಕಿತ್ತು. ನನಗೆ ಬೇಕಾದದ್ದು ದೂರವನ್ನು ಕ್ರಮಿಸುವ ಅನುಭವ.

ಇದೇ ಸರಣಿಯಲ್ಲಿ 2002ರಲ್ಲಿ ಬಂದ ‘ಮಾರೋವಿಂಡ್’ನಲ್ಲಿ ಗುರಿ ತೋರಿಸುವ ಬಾಣವಿರಲಿಲ್ಲ, ಊರಿನವರು ಹೇಳಿದ ದಾರಿಯನ್ನು ದಿನಚರಿಯಲ್ಲಿ ಓದಿಕೊಂಡು ಹುಡುಕಬೇಕಿತ್ತು, ಇಲ್ಲವೇ ಸಿಲ್ಟ್ ಸ್ಟ್ರೈಡರ್ ಎಂಬ ದೈತ್ಯ ಕೀಟವನ್ನೇರಿ ಅದು ಹೋಗುವ ಊರಿಗಷ್ಟೇ ಹೋಗಬೇಕಿತ್ತು. 2011ರ ‘ಸ್ಕೈರಿಮ್’ನಲ್ಲಿ ಆ ತೊಡಕಿಲ್ಲ, ಅದರೊಂದಿಗೆ ದಾರಿಯ ಮಹತ್ವವೂ ಹೋಯಿತು. ಆದ್ದರಿಂದ ನಾನು ಫಾಸ್ಟ್ ಟ್ರಾವೆಲ್, ಅಂದರೆ ನಕ್ಷೆ ಒತ್ತಿ ಊರು ಸೇರುವ ಸೌಲಭ್ಯ, ಬಳಸುವುದಿಲ್ಲ, ಕತ್ತಲಾದ ಮೇಲೆ ಪ್ರಯಾಣ ಮಾಡುವುದಿಲ್ಲ, ಕಾಳಗದ ನಡುವೆ ಚೀಲ ತೆರೆಯುವುದಿಲ್ಲ. ತೆರೆದೊಡನೆ ಕಾಲವೇ ನಿಂತುಬಿಡುವುದರಿಂದ, ಎದುರಾಳಿ ಕತ್ತಿ ಎತ್ತಿರುವಾಗಲೇ ಹತ್ತು ಎಲೆಕೋಸು ತಿಂದು ಗಾಯ ಮಾಯಿಸಿಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ಪಾತ್ರ ಒಪ್ಪದ ಕೆಲಸವನ್ನು ನಾನು ಒಪ್ಪಿಕೊಳ್ಳಬಾರದು. ಈಗಿನ ನನ್ನ ಪಾತ್ರ ಮದ್ದು ಅರೆದು ಮಾರಿ ಬದುಕುವ ಹೆಂಗಸು. ಐವರ್‌ಸ್ಟೆಡ್ ಎಂಬ ಹಳ್ಳಿಯಲ್ಲಿ ಕ್ಲಿಮ್ಮೆಕ್ ಎಂಬಾತ ಬೆಟ್ಟದ ಮೇಲಿನ ಮಠಕ್ಕೆ ದಿನಸಿ ಮುಟ್ಟಿಸುವಂತೆ ಕೇಳಿದಾಗ ಅವಳು ಒಪ್ಪಿದಳು. ಆಟದ ಒಂದು ಗಂಟೆಯೆಂದರೆ ನಮ್ಮ 3 ನಿಮಿಷವಾದ್ದರಿಂದ ಸಂಜೆ ಬೇಗನೆ ಕವಿಯಿತು. 10 ನಾಣ್ಯ ಕೊಟ್ಟು ತಂಗಿದ್ದು, ಬೆಳಕಾದ ಮೇಲೆ ಹೊರಟಳು. ದಾರಿಬದಿಯ ಶಿಲಾಫಲಕಗಳನ್ನು ಓದುತ್ತ ಏರುವಾಗ ಹಿಮಗಾಳಿ ಎದ್ದು, ಮೇಲಿನ ಬಂಡೆಯಲ್ಲಿ ಫ್ರಾಸ್ಟ್ ಟ್ರೋಲ್ ಎಂಬ ಹಿಮದ ರಾಕ್ಷಸ ಪ್ರಾಣಿ ಕಾಣಿಸಿತು. ಹೋರಾಡಿದ್ದರೆ ಸಾಯುತ್ತಿದ್ದಳು. ತಾನೇ ಅರೆದಿಟ್ಟಿದ್ದ ಅದೃಶ್ಯವಾಗುವ ಮದ್ದನ್ನು ಕುಡಿದು, ಅದರ ಪಕ್ಕದಲ್ಲೇ ನುಸುಳಿ, ಮಠದ ಮುಂದಿನ ಪೆಟ್ಟಿಗೆಯಲ್ಲಿ ದಿನಸಿ ಇಟ್ಟು ಹಿಂದಿರುಗಿದಳು. ನಕ್ಷೆಯ ಮೇಲೆ ಒತ್ತಿ ಹೋಗಿದ್ದರೆ ಆ ಬೆಟ್ಟ ನನ್ನ ನೆನಪಿನಲ್ಲಿ ಉಳಿಯುತ್ತಲೇ ಇರಲಿಲ್ಲ.

ಎಲ್ಲ ನಿಯಮಗಳೂ ಹೀಗೆ ಫಲಿಸುವುದಿಲ್ಲ. ದಿನಕ್ಕೆ ಮೂರು ಊಟ ಎಂಬುದನ್ನು ಕೆಲವು ವಾರ ಪಾಲಿಸಿ ಬಿಟ್ಟೆ. ಗಮನವೆಲ್ಲ ರೊಟ್ಟಿಯ ಲೆಕ್ಕಕ್ಕೇ ಹೋಗುತ್ತಿತ್ತು. ಹಸಿವು, ಚಳಿ, ದಣಿವುಗಳನ್ನು ಆಟವೇ ನೋಡಿಕೊಳ್ಳಲಿ ಎನ್ನುವವರಿಗೆ 2017ರಲ್ಲಿ ಬಂದ ಸರ್ವೈವಲ್ ಮೋಡ್ ಎಂಬ ಆಡುವ ವಿಧಾನವಿದೆ, ಅದು ಫಾಸ್ಟ್ ಟ್ರಾವೆಲನ್ನೂ ತಡೆಯುತ್ತದೆ.

ಆಟದ ಆರಂಭದಲ್ಲಿ ಡ್ರ್ಯಾಗನ್ ಒಂದು ಹೆಲ್ಗೆನ್ ಎಂಬ ಊರನ್ನು ಸುಟ್ಟ ಸುದ್ದಿಯನ್ನು ದೊರೆಗೆ ಮುಟ್ಟಿಸುವ ಕೆಲಸವನ್ನು ನನ್ನ ಮದ್ದಿನವಳು ಇನ್ನೂ ಕೈಗೆತ್ತಿಕೊಂಡಿಲ್ಲ. ಆ ಕಥೆ ಮುಂದುವರಿಯದೆ ಬೇರೆ ಡ್ರ್ಯಾಗನ್‌ಗಳು ಬರುವುದಿಲ್ಲವಾದ್ದರಿಂದ, ಅವಳು ಹೂವು ಕೀಳುವ ಬಯಲಿನ ಆಕಾಶ ಇಂದಿಗೂ ಬರಿದಾಗಿದೆ.